ಸುಮ್ಮನೆ ಕುಳಿತವರು



ಸಭೆಯಲ್ಲಿ ಏನು ಕೆಟ್ಟರೂ ನಮ್ಮ ಬೆರಳು ತಾನಾಗಿ ಮೇಲಕ್ಕೆ ತಿರುಗುತ್ತದೆ. ಸಭಾಪಾಲಕರು ಸರಿಯಿಲ್ಲ, ಕಮಿಟಿಯವರು ಸರಿಯಿಲ್ಲ, ಸಭಾಪ್ರಾಂತದ ಕಚೇರಿಯಲ್ಲಿ ಕೇಳುವವರಿಲ್ಲ, ಬಿಷಪರು ಕಂಡೂ ಕಾಣದಂತಿದ್ದಾರೆ, ಸಿನೋಡು ಎಲ್ಲೋ ದೂರದಲ್ಲಿದೆ. ಭಾನುವಾರದ ಆರಾಧನೆ ಮುಗಿದು ದೇವಾಲಯದ ಅಂಗಳದಲ್ಲಿ ಗುಂಪುಗುಂಪಾಗಿ ನಿಂತಾಗ ನಾವಾಡುವ ಮಾತುಗಳಲ್ಲಿ ಅರ್ಧಕ್ಕರ್ಧ ಇವೇ. ಇವುಗಳಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಈ ದೂರುಗಳ ಪಟ್ಟಿಯಲ್ಲಿ ಒಂದು ಸೌಕರ್ಯವಿದೆ: ದೂರುವವನ ಹೆಸರು ಅದರಲ್ಲಿ ಎಂದೂ ಬರುವುದಿಲ್ಲ.

ಆದ್ದರಿಂದ ಬಿಷಪರೇ ಇಲ್ಲದ ಒಂದು ಸಭೆಯ ವೃತ್ತಾಂತವನ್ನು ಈ ತಿಂಗಳು ನಿಮ್ಮ ಮುಂದಿಡಲು ಬಯಸುತ್ತೇನೆ. ಅಲ್ಲಿ ಸಿನೋಡಿಲ್ಲ, ಸಭಾಪ್ರಾಂತವಿಲ್ಲ, ವರ್ಗಾವಣೆಯ ಆಜ್ಞೆ ಕಳುಹಿಸುವ ಕಚೇರಿಯೂ ಇಲ್ಲ. ಇರುವುದು ಒಂದು ಸಣ್ಣ ಊರು, ಒಂದು ಬಿಳಿಯ ಬಣ್ಣದ ಮರದ ದೇವಾಲಯ ಮತ್ತು ಅದರ ಸದಸ್ಯರು. ಅವರು ಮಾಡಿದ್ದಕ್ಕೆ ಅವರೇ ಹೊಣೆ.

ಅವರು ಬ್ಯಾಪ್ಟಿಸ್ಟರು. ನಮ್ಮ ಸಭಾ ಕುಟುಂಬಗಳಲ್ಲಿ ಅನೇಕರಿಗೆ ಈ ಪಂಗಡದ ಪರಿಚಯ ಕಡಿಮೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನರೂ ಮೆಥೊಡಿಸ್ಟರೂ ದಕ್ಷಿಣ ಭಾರತ ಐಕ್ಯ ಸಭೆಯವರೂ ಒಂದಾದರು, ಬ್ಯಾಪ್ಟಿಸ್ಟರು ಹೊರಗುಳಿದರು. ಅವರಲ್ಲಿ ಶಿಶುಗಳಿಗೆ ದೀಕ್ಷಾಸ್ನಾನವಿಲ್ಲ. ತಿಳಿದು, ನಂಬಿ, ಸಭೆಯ ಮುಂದೆ ಬಾಯಾರೆ ಅರಿಕೆಮಾಡಿದವರನ್ನು ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಇದಕ್ಕಿಂತಲೂ ದೊಡ್ಡ ವ್ಯತ್ಯಾಸ ಆಡಳಿತದಲ್ಲಿದೆ. ಪಾಲಕರನ್ನು ಕರೆಯುವುದು, ಬೇಡವಾದರೆ ಕಳುಹಿಸುವುದು, ಸದಸ್ಯರನ್ನು ಸೇರಿಸಿಕೊಳ್ಳುವುದು, ತೆಗೆದುಹಾಕುವುದು ಎಲ್ಲವನ್ನೂ ಸ್ಥಳೀಯ ಸಭೆಯ ಸದಸ್ಯರೇ ಕೂಡಿ, ಮತ ಹಾಕಿ ನಿರ್ಣಯಿಸುತ್ತಾರೆ. ಅವರಲ್ಲಿ ಡೀಕನ್ ಎಂದರೆ ನಮ್ಮಲ್ಲಿರುವಂತೆ ಗುರುದೀಕ್ಷೆಯ ಮೊದಲ ಹಂತದಲ್ಲಿರುವವನಲ್ಲ. ಊರಿನ ವ್ಯಾಪಾರಿಯೋ ರೈತನೋ ಆಗಿದ್ದು ಸಭೆಯ ಕಾರ್ಯಗಳನ್ನು ನೋಡಿಕೊಳ್ಳುವ ಹಿರಿಯ.

ಕನ್ನಡಿಗರಾದ ನಮಗೆ ಈ ಜನರ ಒಂದು ಋಣವೂ ಉಂಟು. 1817ರಲ್ಲಿ ಶ್ರೀರಾಂಪುರದಿಂದ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ ವಿಲಿಯಂ ಕೇರಿಯವರು ಇಂಗ್ಲೆಂಡಿನ ಮೌಲ್ಟನ್ ಎಂಬ ಹಳ್ಳಿಯ ಬ್ಯಾಪ್ಟಿಸ್ಟ್ ಸಭೆಗೆ ಪಾಲಕರಾಗಿದ್ದವರು. ಹೊಟ್ಟೆಪಾಡಿಗೆ ಜೋಡು ಹೊಲಿಯುತ್ತಿದ್ದವರು. ಚರ್ಮದ ಕೆಲಸದ ಈ ಕೇರಿಯವರು ನಮ್ಮೂರಿನಲ್ಲಿ ಹುಟ್ಟಿದ್ದರೆ ಯಾವ ಕೇರಿಯಲ್ಲಿ ಇರಬೇಕಾಗಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಆ ಮಾತಿಗೆ ಮುಂದೆ ಬರುತ್ತೇನೆ.

ಬ್ಯಾಪ್ಟಿಸ್ಟರ ಆರಂಭವೇ ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ನಡೆದ ಹೋರಾಟ. 1612ರ ಸುಮಾರಿಗೆ ಲಂಡನ್ನಿನಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ಕೂಡಿಸಿದ ಥಾಮಸ್ ಹೆಲ್ವಿಸ್, ಅರಸನಿಗೆ ಪ್ರಜೆಯ ಆತ್ಮದ ಮೇಲೆ ಅಧಿಕಾರವಿಲ್ಲವೆಂದು ಬರೆದು ಸೆರೆಮನೆ ಸೇರಿದರು. ಇಂಥವರ ಸಂತತಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1845ರಲ್ಲಿ ಏನು ಮಾಡಿತು? ಗುಲಾಮರನ್ನು ಇಟ್ಟುಕೊಂಡವನು ಮಿಷನೆರಿಯಾಗಬಹುದೇ ಎಂಬ ಪ್ರಶ್ನೆಯ ಮೇಲೆ ಉತ್ತರದವರೊಡನೆ ಜಗಳವಾಡಿ, ಜಾರ್ಜಿಯ ರಾಜ್ಯದ ಅಗಸ್ಟ ಪಟ್ಟಣದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಎಂಬ ಪ್ರತ್ಯೇಕ ಒಕ್ಕೂಟವನ್ನು ಕಟ್ಟಿಕೊಂಡಿತು. ಆ ತಪ್ಪಿಗಾಗಿ ಒಕ್ಕೂಟವು ಕಪ್ಪು ಜನರಲ್ಲಿ ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷ! ಒಂದು ನಿರ್ಣಯವನ್ನು ಮಾಡಲು ಕೆಲವು ದಿನಗಳು ಸಾಕಾದವು.

ಈಗ ಆ ಸಣ್ಣ ಊರಿಗೆ ಬರೋಣ. ಜಾರ್ಜಿಯ ರಾಜ್ಯದ ನೈಋತ್ಯ ಭಾಗದಲ್ಲಿ ಸಮ್ಟರ್ ಎಂಬ ಕೌಂಟಿಯಿದೆ. ನಮ್ಮ ಒಂದು ತಾಲ್ಲೂಕಿನಂತೆ ಎಂದುಕೊಳ್ಳಿ. ಕೆಮ್ಮಣ್ಣಿನ ನೆಲ. ಮುಖ್ಯ ಬೆಳೆ ಕಡಲೆಕಾಯಿ. ಚಳ್ಳಕೆರೆ, ಪಾವಗಡದ ಕಡೆಯ ಓದುಗರಿಗೆ ಹೊಲದ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟೀತು. ಆ ಕೌಂಟಿಯಲ್ಲಿ ಪ್ಲೇನ್ಸ್ ಎಂಬ ಊರು. ಆರೇಳು ನೂರು ಜನ. ಅಲ್ಲಿನ ಬ್ಯಾಪ್ಟಿಸ್ಟ್ ಸಭೆಯಲ್ಲಿ ಬಾಲ್ಯದಲ್ಲೇ ದೀಕ್ಷಾಸ್ನಾನ ಹೊಂದಿ, ಮುಂದೆ ಭಾನುವಾರದ ಶಾಲೆಯ ಉಪಾಧ್ಯಾಯರೂ ಡೀಕನರೂ ಆಗಿದ್ದವರು ಕಡಲೆಕಾಯಿ ವ್ಯಾಪಾರಿ ಜಿಮ್ಮಿ ಕಾರ್ಟರ್. ಅವರು 1977ರಿಂದ 1981ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದುದು ಎಲ್ಲರಿಗೂ ಗೊತ್ತು. ನಮಗೆ ಇಲ್ಲಿ ಬೇಕಾದವರು ಅಧ್ಯಕ್ಷ ಕಾರ್ಟರರಲ್ಲ, ಸಭೆಯ ಸದಸ್ಯ ಕಾರ್ಟರರು. ಅದಕ್ಕಿಂತಲೂ ಹೆಚ್ಚಾಗಿ ಬೇಕಾದವರು ಅವರ ಪಕ್ಕದ ಬೆಂಚುಗಳಲ್ಲಿ ಕುಳಿತಿದ್ದವರು.

ಆದರೆ ಅವರಿಗಿಂತ ಮೊದಲು ಅದೇ ಕೌಂಟಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಅದರಲ್ಲಿ ನಮ್ಮ ದೇಶದವನೊಬ್ಬನಿದ್ದಾನೆ.

1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬ ಬ್ಯಾಪ್ಟಿಸ್ಟ್ ಬೋಧಕರು ಸಮ್ಟರ್ ಕೌಂಟಿಯಲ್ಲಿ ಒಂದು ಹೊಲವನ್ನು ಕೊಂಡು, ಬಿಳಿಯರೂ ಕಪ್ಪು ಜನರೂ ಸಮಾನರಾಗಿ ದುಡಿದು, ಒಂದೇ ಮೇಜಿನಲ್ಲಿ ಕುಳಿತು ಉಣ್ಣುವ ಒಂದು ಕೃಷಿ ಸಮುದಾಯವನ್ನು ಆರಂಭಿಸಿದರು. ಅದಕ್ಕೆ ಕೊಯಿನೊನಿಯ ಎಂದು ಹೆಸರಿಟ್ಟರು. ಅಪೊಸ್ತಲರ ಕೃತ್ಯಗಳಲ್ಲಿ ನಾವು ಅನ್ಯೋನ್ಯತೆ ಎಂದು ಓದುವ ಗ್ರೀಕ್ ಪದ ಅದು. ಜೋರ್ಡನ್ ವ್ಯವಸಾಯವನ್ನೂ ಓದಿದ್ದರು, ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಡಾಕ್ಟರೇಟನ್ನೂ ಪಡೆದಿದ್ದರು. ಅವರೂ ಅವರ ಸಂಗಡಿಗರೂ ಹತ್ತಿರದ ರೆಹೋಬೋತ್ ಬ್ಯಾಪ್ಟಿಸ್ಟ್ ಸಭೆಯ ಸದಸ್ಯರಾಗಿದ್ದರು. 1950ರಲ್ಲಿ ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿದ್ದ ಒಬ್ಬ ಭಾರತೀಯ ವಿದ್ಯಾರ್ಥಿ, ಹಿಂದೂ ಯುವಕ, ಕ್ರೈಸ್ತರ ಆರಾಧನೆ ಹೇಗಿರುತ್ತದೆಂದು ನೋಡಲು ಬಯಸಿದ. ಅವನನ್ನು ದೇವಾಲಯಕ್ಕೆ ಕರೆದೊಯ್ದರು. ಅವನ ಮೈಬಣ್ಣ ಕಪ್ಪಾಗಿತ್ತು. ಅಷ್ಟು ಸಾಕಾಯಿತು. ಬೇರೆ ಜನಾಂಗದವರನ್ನು ಆರಾಧನೆಗೆ ಕರೆತಂದದ್ದೂ ಸೇರಿದಂತೆ ಆರೋಪಗಳನ್ನು ಹೊರಿಸಿ, ಸಭೆಯು ಮತ ಹಾಕಿ ಕೊಯಿನೊನಿಯದವರನ್ನು ಸದಸ್ಯತ್ವದಿಂದ ತೆಗೆದುಹಾಕಿತು.

ಆಪಾದನೆ ಹೊತ್ತು ಬಂದ ಡೀಕನರ ಕೈಗೆ ಜೋರ್ಡನ್ ಸತ್ಯವೇದವನ್ನು ಕೊಟ್ಟು, ತಾನು ಯಾವ ವಾಕ್ಯವನ್ನು ಮೀರಿದ್ದೇನೆಂದು ತೋರಿಸಿರಿ ಎಂದು ಕೇಳಿದರೆಂದೂ, ಆ ಪುಸ್ತಕ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಸುತ್ತಿ ಬಂದಿತೇ ಹೊರತು ಯಾರೂ ಅದನ್ನು ತೆರೆದು ವಾಕ್ಯ ತೋರಿಸಲಿಲ್ಲವೆಂದೂ ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಮುಂದೆ 1956 ಮತ್ತು 1957ರಲ್ಲಿ ಕೊಯಿನೊನಿಯದ ರಸ್ತೆಬದಿಯ ಅಂಗಡಿಗೆ ಬಾಂಬಿಟ್ಟರು, ಮನೆಗಳ ಮೇಲೆ ಗುಂಡು ಹಾರಿಸಿದರು, ಊರಿನ ವರ್ತಕರು ಅವರಿಗೆ ಏನನ್ನೂ ಮಾರದೆ ಬಹಿಷ್ಕಾರ ಹಾಕಿದರು. ಸುವಾರ್ತೆಯನ್ನು ನೋಡಲು ಬಂದ ಆ ಭಾರತೀಯ ಯುವಕ ಏನನ್ನು ನೋಡಿಕೊಂಡು ಹಿಂದಿರುಗಿದನೋ!

ಹದಿನೈದು ವರ್ಷಗಳ ನಂತರ, 1965ರ ಬೇಸಿಗೆಯಲ್ಲಿ, ಕೌಂಟಿಯ ಮುಖ್ಯ ಪಟ್ಟಣವಾದ ಅಮೇರಿಕಸ್‌ನಲ್ಲಿ ಕಪ್ಪು ಜನರು ತಮ್ಮ ಹಕ್ಕುಗಳಿಗಾಗಿ ಬೀದಿಗಿಳಿದಿದ್ದರು. ಅವರು ನಮ್ಮ ದೇವಾಲಯಕ್ಕೂ ಬಂದಾರೆಂಬ ಭಯ ಪ್ಲೇನ್ಸಿನವರನ್ನು ಹಿಡಿಯಿತು. ಕಪ್ಪು ಜನರನ್ನೂ ಹಕ್ಕುಗಳ ಚಳವಳಿಗಾರರನ್ನೂ ಆರಾಧನೆಗೆ ಬಿಡಬಾರದೆಂದು ಡೀಕನರು ಒಂದು ನಿರ್ಣಯವನ್ನು ಸಿದ್ಧಪಡಿಸಿ ಸಭೆಯ ಮುಂದಿಟ್ಟರು. ಕಾರ್ಟರ್ ಆಗ ರಾಜ್ಯದ ಸೆನೆಟರು. ಮರುವರ್ಷವೇ ಗವರ್ನರ್ ಸ್ಥಾನಕ್ಕೆ ನಿಲ್ಲಲಿದ್ದವರು. ಬಿಳಿಯರ ಪ್ರತ್ಯೇಕತಾವಾದಿ ಸಂಘಕ್ಕೆ ಸೇರಲು ಒಪ್ಪದೆ ಈಗಾಗಲೇ ಗಿರಾಕಿಗಳ ಬಹಿಷ್ಕಾರದ ರುಚಿ ಕಂಡಿದ್ದವರು. ಅವರು ಸಭೆಯಲ್ಲಿ ಎದ್ದು ನಿಂತು, ಇದು ದೇವರ ಮನೆ, ಇದರ ಬಾಗಿಲಲ್ಲಿ ನಿಂತು ಒಬ್ಬನನ್ನು ತಡೆಯುವುದು ತನ್ನಿಂದಾಗದು ಎಂಬ ಅರ್ಥದಲ್ಲಿ ಮಾತಾಡಿದರು. ಮತ ಹಾಕಲಾಯಿತು. ನಿರ್ಣಯದ ಪರವಾಗಿ ಸುಮಾರು ಐವತ್ತು. ವಿರುದ್ಧವಾಗಿ ಆರು. ಆ ಆರರಲ್ಲಿ ಒಬ್ಬರನ್ನು ಬಿಟ್ಟರೆ ಉಳಿದವರು ಕಾರ್ಟರರ ಮನೆಯವರೇ. ಅವರಲ್ಲೊಬ್ಬರು ತಾಯಿ ಲಿಲಿಯನ್. ಅವರು ಮರುವರ್ಷ ಅರವತ್ತೆಂಟರ ಪ್ರಾಯದಲ್ಲಿ ನಮ್ಮ ದೇಶಕ್ಕೆ ಬಂದು ಮುಂಬಯಿಯ ವಿಕ್ರೋಲಿಯಲ್ಲಿ ರೋಗಿಗಳ ಸೇವೆ ಮಾಡಿದರು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಈ ಕಥೆಯನ್ನು ಹೇಳುವವರೆಲ್ಲ ಆ ಆರು ಜನರನ್ನು ಹೊಗಳಿ ಮುಂದೆ ಹೋಗುತ್ತಾರೆ. ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. ಆ ದಿನ ಅಲ್ಲಿ ಕೂಡಿದ್ದವರು ಸುಮಾರು ಇನ್ನೂರು ಮಂದಿ. ಐವತ್ತಕ್ಕೆ ಆರನ್ನು ಕೂಡಿಸಿದರೆ ಅರವತ್ತೂ ಆಗುವುದಿಲ್ಲ. ಉಳಿದವರೆಲ್ಲಿ? ಅವರು ಅಲ್ಲೇ ಇದ್ದರು. ಬೆಂಚುಗಳಲ್ಲಿ ಸುಮ್ಮನೆ ಕುಳಿತಿದ್ದರು. ಪರವೂ ಅಲ್ಲ, ವಿರೋಧವೂ ಅಲ್ಲ. ಸಭೆ ಮುಗಿದ ಮೇಲೆ ಅವರಲ್ಲಿ ಹಲವರು ಕಾರ್ಟರರಿಗೆ ಖಾಸಗಿಯಾಗಿ, ನಾವೂ ನಿಮ್ಮ ಅಭಿಪ್ರಾಯದವರೇ, ಆದರೆ ಬಹಿರಂಗವಾಗಿ ಹೇಳಲಾಗಲಿಲ್ಲ ಎಂದು ತಿಳಿಸಿದರಂತೆ.

ಆ ದೇವಾಲಯದ ಬಾಗಿಲನ್ನು ಮುಚ್ಚಿದವರು ಯಾರು? ಐವತ್ತು ಮಂದಿ ದ್ವೇಷಿಗಳೆಂದು ಹೇಳುವುದು ಸುಲಭ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಸುಮ್ಮನೆ ಕುಳಿತವರಲ್ಲಿ ಅರ್ಧ ಮಂದಿ ಆ ಆರು ಜನರೊಡನೆ ಮತ ಹಾಕಿದ್ದರೆ ನಿರ್ಣಯ ಬಿದ್ದುಹೋಗುತ್ತಿತ್ತು. ಇಡೀ ಊರು ಕೆಟ್ಟದ್ದಾಗಿರಲಿಲ್ಲ. ಊರಿನ ಒಳ್ಳೆಯವರು ಮನೆಗೆ ಹೋಗಿ ಒಳ್ಳೆಯವರಾದರು. ದೂಷಿಸಲು ಬಿಷಪರಿರಲಿಲ್ಲ, ಆಜ್ಞೆಗಾಗಿ ಕಾಯಲು ಸಿನೋಡಿರಲಿಲ್ಲ. ಬ್ಯಾಪ್ಟಿಸ್ಟರ ವ್ಯವಸ್ಥೆಯು ಪ್ರತಿಯೊಬ್ಬ ವಿಶ್ವಾಸಿಯ ಕೈಗೆ ಒಂದು ಮತವನ್ನು ಕೊಟ್ಟಿತ್ತು. ಅವರು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡರು.

ಆ ನಿರ್ಣಯ ಹನ್ನೊಂದು ವರ್ಷ ಉಳಿಯಿತು. 1976ರ ಅಕ್ಟೋಬರ್ 31ರ ಭಾನುವಾರ, ಅಧ್ಯಕ್ಷ ಚುನಾವಣೆಗೆ ಎರಡೇ ದಿನಗಳಿರುವಾಗ, ಆಲ್ಬನಿ ಪಟ್ಟಣದ ಕ್ಲೆನನ್ ಕಿಂಗ್ ಎಂಬ ಕಪ್ಪು ಬೋಧಕರು ಸದಸ್ಯತ್ವ ಕೇಳಿಕೊಂಡು ಪ್ಲೇನ್ಸಿನ ದೇವಾಲಯಕ್ಕೆ ಬಂದರು. ಡೀಕನರು ಅಂದಿನ ಆರಾಧನೆಯನ್ನೇ ರದ್ದುಮಾಡಿದರು. ಒಬ್ಬ ಮನುಷ್ಯನು ಒಳಗೆ ಬಾರದಿರಲೆಂದು ದೇವರ ಆರಾಧನೆಯನ್ನೇ ನಿಲ್ಲಿಸಿದ ಆ ಭಾನುವಾರವನ್ನು ನೆನೆದರೆ ಮೈ ನಡುಗುತ್ತದೆ. ಲೋಕದ ಪತ್ರಿಕೆಗಳೆಲ್ಲ ಅಲ್ಲಿ ನೆರೆದಿದ್ದವು. ನವೆಂಬರ್ 14ರಂದು ಸಭೆ ಮತ್ತೆ ಸೇರಿ, ಮತ ಹಾಕಿ, ನಿಷೇಧವನ್ನು ತೆಗೆದುಹಾಕಿತು. ಆದರೂ ಕಿಂಗ್ ಅವರನ್ನು ಸೇರಿಸಿಕೊಳ್ಳಲಿಲ್ಲ. ನಿಷೇಧ ತೆಗೆಯಬೇಕೆಂದು ನಿಂತ ಪಾಲಕರು 1977ರ ಆರಂಭದಲ್ಲೇ ರಾಜೀನಾಮೆ ಕೊಟ್ಟು ಹೊರಟರು. ಅದೇ ವರ್ಷ ಒಂದು ಗುಂಪು ಬೇರೆಯಾಗಿ ಮಾರನಾಥ ಬ್ಯಾಪ್ಟಿಸ್ಟ್ ಸಭೆಯನ್ನು ಕಟ್ಟಿತು. ಅಧಿಕಾರ ಮುಗಿಸಿ 1981ರಲ್ಲಿ ಊರಿಗೆ ಹಿಂದಿರುಗಿದ ಕಾರ್ಟರ್ ದಂಪತಿಗಳು ಸೇರಿದ್ದು ಅಲ್ಲಿಗೆ. ಅಲ್ಲಿ ಅವರು 2019ರವರೆಗೂ ಭಾನುವಾರದ ಪಾಠ ಹೇಳಿದರು. 2024ರ ಡಿಸೆಂಬರ್ 29ರಂದು ನೂರು ವರ್ಷದವರಾಗಿ ನಿದ್ರೆಹೋದಾಗ, ಮಣ್ಣಿಗೆ ಹೋಗುವ ಮುಂಚಿನ ಕೊನೆಯ ಆರಾಧನೆ ನಡೆದದ್ದೂ ಆ ಪುಟ್ಟ ದೇವಾಲಯದಲ್ಲೇ.

ಕಾರ್ಟರರನ್ನು ಸಂತರ ಸಾಲಿಗೆ ಸೇರಿಸುವುದು ನನ್ನ ಉದ್ದೇಶವಲ್ಲ. 1970ರ ಗವರ್ನರ್ ಚುನಾವಣೆಯಲ್ಲಿ ಪ್ರತ್ಯೇಕತಾವಾದಿಗಳ ಮತಗಳಿಗೂ ಅವರು ಕೈಚಾಚಿದ್ದುಂಟು. ಸಭೆಯಲ್ಲಿ ಎದ್ದು ನಿಲ್ಲಲು ಸಂತರೇ ಆಗಿರಬೇಕೆಂದಿಲ್ಲ ಎಂಬುದನ್ನು ಗಮನಿಸಿದರೆ ಸಾಕು.

ಇದೆಲ್ಲ ಅಮೆರಿಕದ ವರ್ಣದ್ವೇಷದ ಕಥೆ, ನಮಗೇನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಯಾವ ದೇವಾಲಯದ ಬಾಗಿಲಲ್ಲೂ ಅಂಥ ನಿರ್ಣಯವಿಲ್ಲ. ನಿಜ. ನಮಗೆ ನಿರ್ಣಯವೇ ಬೇಕಾಗಿಲ್ಲ. ಬರೆದದ್ದನ್ನಾದರೂ ಹನ್ನೊಂದು ವರ್ಷಕ್ಕೆ ಅಳಿಸಬಹುದು. ಬರೆಯದೆ ನಡೆಯುವುದನ್ನು ಅಳಿಸುವುದು ಹೇಗೆ?

ನಮ್ಮ ಬಾಯಲ್ಲಿ ಎರಡು ಮಾತುಗಳಿವೆ. ಒಂದು, ಸರ್ಕಾರಕ್ಕೆ ಹೇಳುವ ಮಾತು. 1950ರ ರಾಷ್ಟ್ರಪತಿ ಆಜ್ಞೆಯು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಿದರು, ಕ್ರೈಸ್ತರಿಗೆ ಕೊಡಲಿಲ್ಲ. ಇದು ಅನ್ಯಾಯ ಎಂದು ನಾವು ಮೆರವಣಿಗೆ ಮಾಡಿದ್ದೇವೆ, ಉಪವಾಸ ಕೂತಿದ್ದೇವೆ; 2004ರಿಂದ ಸುಪ್ರೀಂ ಕೋರ್ಟಿನಲ್ಲೂ ವಾದ ಹೂಡಲಾಗಿದೆ. ನಮ್ಮ ವಾದವೇನು? ದೀಕ್ಷಾಸ್ನಾನದ ನೀರು ಜಾತಿಯನ್ನು ತೊಳೆಯಲಿಲ್ಲ, ದಲಿತನು ಕ್ರೈಸ್ತನಾದ ಮೇಲೂ ದಲಿತನಾಗಿಯೇ ಉಳಿದಿದ್ದಾನೆ ಎಂಬುದು. ಇದು ಸತ್ಯವಾದ ವಾದ, ನ್ಯಾಯವಾದ ಬೇಡಿಕೆ. ಎರಡನೆಯದು, ಸಭೆಯೊಳಗೆ ಹೇಳುವ ಮಾತು: ನಮ್ಮಲ್ಲಿ ಜಾತಿಯಿಲ್ಲ, ನಾವೆಲ್ಲರೂ ಕ್ರಿಸ್ತನಲ್ಲಿ ಒಂದೇ. ಕೋರ್ಟಿನ ಮೆಟ್ಟಿಲ ಮೇಲೆ ಒಂದು, ದೇವಾಲಯದ ಮೆಟ್ಟಿಲ ಮೇಲೆ ಇನ್ನೊಂದು. ಈ ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕಲ್ಲವೇ?

ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪಾತ್ರೆಯಿಂದ ಕರ್ತನ ಭೋಜನದಲ್ಲಿ ಪಾಲುಗೊಂಡ ಎರಡು ಮನೆಗಳ ಮಕ್ಕಳು ಸೋಮವಾರ ತಾಲ್ಲೂಕು ಕಚೇರಿಯಲ್ಲಿ ಬೇರೆಬೇರೆ ಪ್ರಮಾಣಪತ್ರಗಳಿಗಾಗಿ ನಿಲ್ಲುತ್ತಾರೆ. ಇದರಲ್ಲಿ ಅವರ ತಪ್ಪಿಲ್ಲ, ಸೌಲಭ್ಯ ಪಡೆಯುವುದರಲ್ಲಿ ನಾಚಿಕೆಯೂ ಇಲ್ಲ. ನಾಚಿಕೆಯಾಗಬೇಕಾದದ್ದು, ಆ ಪ್ರಮಾಣಪತ್ರದಲ್ಲಿ ಏನಿದೆಯೆಂದು ಬೆಂಚಿನ ಆ ತುದಿಯವರು ಗುಟ್ಟಾಗಿ ವಿಚಾರಿಸುವುದಕ್ಕೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಗುವಾಗ, ಜಾತಿಯ ಹೆಸರಿಗೆ ಕ್ರೈಸ್ತ ಎಂಬ ಪದವನ್ನು ಜೋಡಿಸಿದ ಪಟ್ಟಿಯೊಂದು ದೊಡ್ಡ ವಿವಾದವನ್ನೆಬ್ಬಿಸಿದ್ದು ನಿಮಗೆ ನೆನಪಿರಬೇಕು. ಹೊರಗಿನವರು ತಮ್ಮ ಕಾರಣಗಳಿಗಾಗಿ ಕೂಗಾಡಿದರು. ನಾವು ಮಾತ್ರ ಆ ಪಟ್ಟಿಯನ್ನು ನೋಡಿ ಒಳಗೊಳಗೇ ತಬ್ಬಿಬ್ಬಾದೆವು. ಏಕೆಂದರೆ ಅದರಲ್ಲಿದ್ದ ಜೋಡಿ ಪದಗಳು ನಮಗೆ ಹೊಸತಾಗಿರಲಿಲ್ಲ. ಮಗಳಿಗೆ ವರ ನೋಡುವಾಗ, ನಾಲ್ಕು ಜನರ ಮುಂದೆ ಅಲ್ಲದಿದ್ದರೂ ಅಡಿಗೆಮನೆಯಲ್ಲಿ, ನಾವು ಬಳಸುವ ಪದಗಳೇ ಅವು. ಪತ್ರಿಕೆಗಳ ವಿವಾಹ ಜಾಹೀರಾತುಗಳಲ್ಲಿ ಕ್ರೈಸ್ತ ಎಂಬ ಪದದ ಮಗ್ಗುಲಲ್ಲೇ ಅಂಥ ಇನ್ನೊಂದು ಪದ ಅಚ್ಚಾಗುತ್ತದೆ. ಆ ಜಾಹೀರಾತಿಗೆ ಹಣ ಕೊಟ್ಟವರು ಯಾವ ಬಿಷಪರು?

ಇನ್ನು ಕಮಿಟಿಯ ಚುನಾವಣೆ. ಅಭ್ಯರ್ಥಿಯ ಪ್ರಾರ್ಥನಾ ಜೀವನವನ್ನು ಕೇಳುವವರು ವಿರಳ. ಅವರು ಯಾವ ಕಡೆಯವರು ಎಂದು ಕೇಳದವರೂ ವಿರಳ. ಪಟ್ಟಣದ ದೇವಾಲಯಕ್ಕೆ ಸೇರಿದ ಸುತ್ತಲ ಹಳ್ಳಿಗಳ ಮನೆಗಳಿಂದ ವಂತಿಗೆ ಬರುತ್ತದೆ, ಸುಗ್ಗಿ ಹಬ್ಬಕ್ಕೆ ರಾಗಿಯೂ ಕುಂಬಳಕಾಯಿಯೂ ಬರುತ್ತವೆ. ಕಮಿಟಿಗೆ ಮಾತ್ರ ಹೆಸರು ಬರುವುದಿಲ್ಲ. ಇದನ್ನು ಎಲ್ಲರೂ ಬಲ್ಲರು. ಮಹಾಸಭೆಯಲ್ಲಿ ಯಾರಾದರೂ ಒಬ್ಬರು, ಹೆಚ್ಚಾಗಿ ಒಬ್ಬ ಯುವಕನೋ ಒಬ್ಬ ವಿಧವೆ ತಾಯಿಯೋ, ಎದ್ದು ಇದನ್ನು ಎತ್ತಿದರೆ ಏನಾಗುತ್ತದೆ? ಮುಂದಿನ ಸಾಲಿನಿಂದ ಗದರಿಕೆ ಬರುತ್ತದೆ. ಉಳಿದವರು ಗಡಿಯಾರ ನೋಡುತ್ತಾರೆ. ಸಂಜೆ ಆ ಯುವಕನ ವಾಟ್ಸಾಪಿಗೆ ಹತ್ತು ಸಂದೇಶಗಳು ಬರುತ್ತವೆ: ತಮ್ಮಾ, ನೀನು ಹೇಳಿದ್ದು 100ಕ್ಕೆ 100 ಸರಿ. ಅವು ಗುಂಪಿಗೆ ಬರುವುದಿಲ್ಲ, ಅವನೊಬ್ಬನಿಗೇ ಬರುತ್ತವೆ. 1965ರಲ್ಲಿ ಪ್ಲೇನ್ಸಿನವರು ಆಡಿದ ಖಾಸಗಿ ಮಾತುಗಳಿಗೂ ಇವುಗಳಿಗೂ ವ್ಯತ್ಯಾಸವಿದ್ದರೆ ಬಲ್ಲವರು ತಿಳಿಸಲಿ.

ಸುಮ್ಮನಿರುವವರಿಗೆ ಭಯವಿದೆ, ಆ ಭಯ ಸುಳ್ಳಲ್ಲ. ಸಣ್ಣ ಊರು; ಎಲ್ಲರೂ ನೆಂಟರು. ಒಬ್ಬರ ಸೊಸೆ ಮಿಷನ್ ಶಾಲೆಯಲ್ಲಿ ತಾತ್ಕಾಲಿಕ ಉಪಾಧ್ಯಾಯಿನಿ, ಇನ್ನೊಬ್ಬರ ಮಗನ ಮದುವೆ ಮುಂದಿನ ತಿಂಗಳು, ಮತ್ತೊಬ್ಬರ ಅಂಗಡಿಗೆ ಕಮಿಟಿಯವರೇ ಗಿರಾಕಿಗಳು. ಇವರನ್ನು ನಾನು ಹೇಡಿಗಳೆಂದು ಕರೆಯಲಾರೆ. ಆದರೆ ಈ ಭಯಕ್ಕೆ ಭಯವೆಂದೇ ಹೆಸರಿಡೋಣ. ಅದಕ್ಕೆ ಸಭೆಯ ಸಮಾಧಾನ ಎಂಬ ಬಿಳಿಯ ಅಂಗಿ ತೊಡಿಸುವುದು ಬೇಡ. ಐಕ್ಯ ಕೆಡಬಾರದು, ಹೊರಗಿನವರು ನಗಬಾರದು, ಪ್ರಾರ್ಥನೆ ಮಾಡೋಣ, ದೇವರೇ ನೋಡಿಕೊಳ್ಳುತ್ತಾನೆ: ಈ ವಾಕ್ಯಗಳನ್ನು ನಾವೆಷ್ಟು ಭಕ್ತಿಯಿಂದ ಉಚ್ಚರಿಸುತ್ತೇವೆ! ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಈ ವಾರ ಕುಟುಂಬ ಪ್ರಾರ್ಥನೆಯಲ್ಲಿ ಓದಿರಿ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಸಂಗಡ ಊಟಮಾಡುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಅವರಿಗೆ ಹೆದರಿ ಮೆಲ್ಲನೆ ಹಿಂದೆ ಸರಿದನು. ಪೇತ್ರನು ಯಾವ ದುರ್ಬೋಧನೆಯನ್ನೂ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಒಂದು ಪಂಕ್ತಿಯಿಂದ ಎದ್ದು ಇನ್ನೊಂದು ಪಂಕ್ತಿಗೆ ಹೋದನು, ಅಷ್ಟೇ. ಉಳಿದವರೂ ಎದ್ದರು, ಬಾರ್ನಬನಂಥವನೂ ಎದ್ದನು. ಪೌಲನು ಇದನ್ನು ಸಮಾಧಾನವೆನ್ನಲಿಲ್ಲ, ಕಪಟವೆಂದನು. ಅದನ್ನು ಅವನು ಖಾಸಗಿ ಪತ್ರದಲ್ಲಿ ಹೇಳಲಿಲ್ಲ, ಎಲ್ಲರ ಮುಂದೆ, ಮುಖಾಮುಖಿಯಾಗಿ ಹೇಳಿದನು.

ಇನ್ನೊಂದು ಆಕ್ಷೇಪವನ್ನು ನಮ್ಮ ಹಿರಿಯರು ಎತ್ತುತ್ತಾರೆ: ಇವರೇನು ಭಕ್ತಿಯಿಂದ ಬರುವವರೇ? ಶಾಲೆಯ ಸೀಟಿಗಾಗಿ, ಕೆಲಸಕ್ಕಾಗಿ, ಸ್ಮಶಾನದ ಜಾಗಕ್ಕಾಗಿ ಬರುತ್ತಾರೆ. ಪ್ಲೇನ್ಸಿನ ಡೀಕನರ ವಾದವೂ ಅಕ್ಷರಶಃ ಇದೇ. ಬರುವವರು ಆರಾಧಕರಲ್ಲ, ಚಳವಳಿಗಾರರು ಎಂದರು ಅವರು. ಕ್ಲೆನನ್ ಕಿಂಗ್ ಅವರ ಉದ್ದೇಶ ಪ್ರಚಾರವಾಗಿತ್ತೆಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಇದ್ದಿರಬಹುದು. ಆದರೆ ಬಾಗಿಲು ಬಡಿಯುವವನ ಹೃದಯವನ್ನು ತೂಗುವ ತಕ್ಕಡಿಯನ್ನು ಬಾಗಿಲು ಕಾಯುವವನಿಗೆ ಕೊಟ್ಟವರು ಯಾರು? 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನೆನೆಯಿರಿ. ಮೈಸೂರು ಸೀಮೆಯಲ್ಲಿಯೂ ಬಳ್ಳಾರಿಯ ಕಡೆಯಲ್ಲಿಯೂ ಹಸಿದು ರಸ್ತೆಯಲ್ಲಿ ಬಿದ್ದಿದ್ದ ಮಕ್ಕಳನ್ನು ಎತ್ತಿಕೊಂಡು ಬಂದು ಮಿಷನ್ ಅನಾಥಾಲಯಗಳಲ್ಲಿ ಸಾಕಿದರು. ಇಂದು ನಮ್ಮ ಸಭೆಗಳಲ್ಲಿ ಹಳೆಯ ಮನೆತನಗಳೆಂದು ಮುಂದಿನ ಬೆಂಚಿನಲ್ಲಿ ಕೂರುವವರಲ್ಲಿ ಆ ಮಕ್ಕಳ ಮೊಮ್ಮಕ್ಕಳೂ ಮರಿಮಕ್ಕಳೂ ಇದ್ದಾರೆ. ಆ ಮಗುವಿಗೆ ಮೊದಲು ಗಂಜಿ ಕೊಟ್ಟರು. ಉದ್ದೇಶವೇನೆಂದು ಕೇಳಿದ್ದರೆ ಅದು ಏನೆನ್ನುತ್ತಿತ್ತು?

ಶ್ರೀರಾಂಪುರದ ಮಾತಿಗೆ ಬರುತ್ತೇನೆಂದಿದ್ದೆ. ಅಲ್ಲಿ ಕೇರಿ ಮತ್ತು ಅವರ ಸಂಗಡಿಗರಿಂದ 1800ರ ಡಿಸೆಂಬರಿನಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದವನು ಕೃಷ್ಣ ಪಾಲ್ ಎಂಬ ಬಡಗಿ. ಅದು ಬೆರಳೆಣಿಕೆಯ ಜನರ ಸಭೆ. ಅವರೂ ನಮ್ಮಂತೆಯೇ ಜಾತಿಯಲ್ಲಿ ಹುಟ್ಟಿ ಬೆಳೆದವರು. 1803ರಲ್ಲಿ ಗೋಕುಲ್ ಎಂಬ ವಿಶ್ವಾಸಿ ತೀರಿಕೊಂಡಾಗ ಶವವನ್ನು ಹೊರುವವರು ಯಾರೆಂಬ ಪ್ರಶ್ನೆ ಎದ್ದಿತು. ಬೇರೆ ಜಾತಿಯವನ ಹೆಣಕ್ಕೆ ಹೆಗಲು ಕೊಡುವುದೆಂದರೆ ಆ ಕಾಲದಲ್ಲಿ ಊರೆಲ್ಲ ಬೆರಗಾಗುವ ಸಂಗತಿ. ಆ ಪೆಟ್ಟಿಗೆಯನ್ನು ಹೊತ್ತವರು ನಾಲ್ವರು: ಮಿಷನೆರಿ ಮಾರ್ಷ್‌ಮನ್, ಕೇರಿಯವರ ಮಗ ಫೆಲಿಕ್ಸ್, ಬ್ರಾಹ್ಮಣನಾಗಿ ಹುಟ್ಟಿದ್ದ ಭೈರವ, ಮುಸಲ್ಮಾನನಾಗಿ ಹುಟ್ಟಿದ್ದ ಪೀರು. ಹಾಡುತ್ತಾ ಬೀದಿಯಲ್ಲಿ ಸಾಗಿದರು. ಮರುವರ್ಷಗಳಲ್ಲಿ ಆ ಸಭೆ ಜಾತಿಯ ವಿಷಯವಾಗಿ ಎಷ್ಟೋ ಸಲ ತತ್ತರಿಸಿದ್ದುಂಟು. ಆದರೆ ಆ ದಿನ ಅವರಲ್ಲಿ ಯಾರೂ ನಿಂತು ನೋಡುವವರಾಗಿರಲಿಲ್ಲ. ಹೆಗಲು ಬೇಕಾಗಿತ್ತು, ಹೆಗಲು ಕೊಟ್ಟರು.

ನಮ್ಮ ಸಭೆಯ ಸ್ಮಶಾನದಲ್ಲಿ ಯಾವ ಮೂಲೆ ಯಾರಿಗೆ ಎಂಬುದನ್ನು ಗುಂಡಿ ತೋಡುವವನಿಗೆ ಯಾರು ಹೇಳುತ್ತಾರೆ? ಅದು ಯಾವ ಪುಸ್ತಕದಲ್ಲಿ ಬರೆದಿದೆ? ಇದನ್ನು ಸಭಾಪ್ರಾಂತದ ಕಚೇರಿಯಿಂದ ಯಾರೂ ಬಂದು ಹೇಳಿಕೊಟ್ಟಿಲ್ಲ.

ವಾರ್ಷಿಕ ಮಹಾಸಭೆಯ ಕಾಲ ಬರುತ್ತದೆ. ನಮ್ಮದು ಬ್ಯಾಪ್ಟಿಸ್ಟ್ ಸಭೆಯಲ್ಲ. ಪಾಲಕರನ್ನು ನಾವು ನೇಮಿಸುವುದಿಲ್ಲ. ಆದರೆ ಕಮಿಟಿಯನ್ನು ಆರಿಸುವವರು ನಾವು, ಲೆಕ್ಕವನ್ನು ಒಪ್ಪುವವರು ನಾವು, ಸ್ಮಶಾನವನ್ನೂ ಸುಗ್ಗಿ ಹಬ್ಬದ ಊಟದ ಪಂಕ್ತಿಯನ್ನೂ ನಡೆಸುವವರು ನಾವು. ಸಭೆಗೆ ಮುಂಚೆ ಕಾರ್ಯದರ್ಶಿಗಳನ್ನು ಕೇಳಿ ಹಿಂದಿನ ನಡಾವಳಿ ಪುಸ್ತಕವನ್ನು ತೆರೆದು ನೋಡಿರಿ. ಸರ್ವಾನುಮತದಿಂದ ಅಂಗೀಕರಿಸಲಾಯಿತು ಎಂಬ ಮಾತು ಪುಟಪುಟದಲ್ಲೂ ಸಿಗುತ್ತದೆ. ಆ ಸರ್ವರಲ್ಲಿ ಬಾಯಿ ತೆರೆದವರೆಷ್ಟು ಮಂದಿ ಎಂಬುದು ಎಲ್ಲಿಯೂ ಸಿಗದು. ಈ ಸಲ ಒಂದು ಸಣ್ಣ ಬೇಡಿಕೆ ಇಡಿರಿ. ಪ್ರತಿಯೊಂದು ನಿರ್ಣಯದ ಎದುರಿಗೆ ಪರ ಎಷ್ಟು, ವಿರೋಧ ಎಷ್ಟು ಎಂಬುದರ ಜೊತೆಗೆ ಮತ ಹಾಕದೆ ಕುಳಿತವರೆಷ್ಟು ಎಂಬ ಮೂರನೆಯ ಸಂಖ್ಯೆಯನ್ನೂ ಬರೆಯಲಿ. ಇದಕ್ಕೆ ಸಿನೋಡಿನ ಅಪ್ಪಣೆ ಬೇಕಾಗಿಲ್ಲ. ವಿಷಯವನ್ನು ಲಿಖಿತವಾಗಿ, ಇಬ್ಬರ ಸಹಿಯೊಡನೆ, ಸಾಕಷ್ಟು ಮುಂಚಿತವಾಗಿ ಕೊಡಿರಿ; ತಡವಾಯಿತೆಂದು ಬದಿಗಿಡಲು ಅವಕಾಶ ಕೊಡಬೇಡಿರಿ. ಎರಡನೆಯ ಸಹಿಗಾಗಿ ಮೊದಲು ಹೋಗಬೇಕಾದದ್ದು, ಹೋದ ವರ್ಷ ಆ ಯುವಕನಿಗೆ ಸಂಜೆ ಸಂದೇಶ ಕಳುಹಿಸಿದವರ ಮನೆಗೆ.